ಅದಿಲ್ಲದಿದ್ದರೆ ಇದು

ದೊಡ್ಡಮ್ಮ ಫೋನಿನಲ್ಲಿ ಹೇಳುವುದು ಇಷ್ಟೇ:
ಹುಳಿ, ಹಿಡಿಯುವಷ್ಟು ಹಾಕು.
ಖಾರ, ಮೂಗು ಒಪ್ಪುವಷ್ಟು.
ಉಪ್ಪು ನಿನಗೇ ಗೊತ್ತು.

ಗೊತ್ತಿಲ್ಲ.
ಮುಹರ್ರಕ್‌ನ ಈ ಮೂರನೇ ಮಹಡಿಯಲ್ಲಿ
ನಲ್ಲಿಯ ನೀರಿಗೇ ಒಂದು ರುಚಿಯಿದೆ,
ಆಗಸ್ಟಿನಲ್ಲಿ ಅದು ಒಲೆಗೂ ಕಾಯದೆ
ಟ್ಯಾಂಕಿನಿಂದಲೇ ಬಿಸಿಯಾಗಿ ಇಳಿಯುತ್ತದೆ.

ವಾಟೆಹುಳಿ ಮುಗಿದ ವಾರ
ಕೋಲ್ಡ್ ಸ್ಟೋರಿನ ಶಂಸು ಒಣನಿಂಬೆ ಕೊಟ್ಟ.
ಕಪ್ಪಗೆ, ಹಗುರ; ಕಿವಿಯ ಹತ್ತಿರ ಅಲ್ಲಾಡಿಸಿದರೆ
ಒಳಗೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು.
‘ಲೂಮಿ’ ಅಂದ, ‘ಒಡೆದು, ಬೀಜ ತೆಗೆದು ಹಾಕಿ.’
ಬೀಜ ತೆಗೆಯಲಿಲ್ಲ ನಾನು.
ಅಂದಿನ ಸಾರು ಕಹಿ. ಮಾಬಲ ಉಂಡ,
ತಟ್ಟೆ ತೊಳೆದಿಟ್ಟ, ಏನೂ ಅನ್ನಲಿಲ್ಲ.
ಏನೂ ಅನ್ನದಿರುವುದೂ ಒಂದು ಮಸಾಲೆ,
ಜಾಸ್ತಿಯಾದರೆ ಅಡುಗೆ ಕೆಡುತ್ತದೆ.

ಬೆಲ್ಲಕ್ಕೆ ಖರ್ಜೂರದ ಪಾಕ. ಅದು ನಡೆಯಿತು.
ತೆಂಗಿನಕಾಯಿಗೆ ಎಳ್ಳಿನ ತಹಿನಿ. ಅರ್ಧ ನಡೆಯಿತು:
ಬಣ್ಣ ಬಂತು, ಮೈ ಬಂತು, ಕಾಯಿ ಬರಲಿಲ್ಲ.
ಒಣಸಿಗಡಿ ಚಟ್ನಿ ನೆನೆದು ನಾಲಿಗೆ ಹಟ ಹಿಡಿದ ಮಧ್ಯಾಹ್ನ
ಉಮ್ಮ್ ಹಸನ್ ಮೆಟ್ಟಿಲ ಮೇಲೇ ನಿಂತು
ಹಳೇ ಪನ್ನೀರಿನ ಬಾಟಲಿಯೊಂದು ಚಾಚಿದಳು: ಮಹ್ಯಾವ.
ಸಣ್ಣ ಮೀನು, ಸಾಸಿವೆ, ವಾರಗಟ್ಟಲೆ ಬಿಸಿಲು.
ಮುಚ್ಚಳ ತಿರುಗಿಸಿದೆ, ಅಷ್ಟೇ,
ಬೇಲೆಕೇರಿಯ ಬಂದರು ಎದ್ದು ಕೂತಿತು ಅಡುಗೆಮನೆಯಲ್ಲಿ.
ಗಂಜಿಗೆ ಎರಡು ಚಮಚ ಬಿಟ್ಟುಕೊಂಡೆ.
ಅವರು ರೊಟ್ಟಿಗೆ ಸವರುತ್ತಾರಂತೆ. ಸವರಲಿ.

ಜುಮ್ಮನಕಾಯಿಗೆ ಮಾತ್ರ ಬದಲಿ ಇರಲಿಲ್ಲ.
ಬಂಗಡೆ ಇದೆ, ಬ್ಯಾಡಗಿ ಮೆಣಸಿದೆ, ಕೊತ್ತಂಬರಿ ಇದೆ,
ಕೊನೆಗೆ ಜಜ್ಜಿ ಬೀಳಿಸುವ ಆ ನಾಲ್ಕು ಸಿಪ್ಪೆಯಿಲ್ಲದೆ
ಎಲ್ಲ ಸರಿಯಿದ್ದ ಸಾರು
ಮುಂದಿನ ಹಲ್ಲು ಉದುರಿದ ಬಾಯಿ.
ಮಾಬಲನ ಸೈಟಿನವರು ಯಾರೋ ಪೊಟ್ಟಣ ತಂದರು ಒಮ್ಮೆ.
ಮೂರು ವರ್ಷ ಹಳತು. ಪರಿಮಳವೆಲ್ಲ
ಅವರ ಪೆಟ್ಟಿಗೆಯ ಅಂಗಿಗಳಿಗೆ,
ಹೊಟ್ಟು ನನಗೆ.

ಆಮೇಲೆ ಡ್ರ್ಯಾಗನ್ ಸಿಟಿಯಲ್ಲಿ
ಬಚ್ಚಲಿಗೊಂದು ಚಪ್ಪಲಿ ಹುಡುಕುತ್ತ ಹೋದವಳು
ಚೀನೀ ಅಂಗಡಿಯ ಕೆಳಸಾಲಿಗೆ ಬಗ್ಗಿ ನೋಡಿದೆ:
ಕೆಂಪು ಕಾಯಿ. ಗಾತ್ರ ಚಿಕ್ಕದು.
ಆದರೆ ಬಾಯಿ ಬಿಟ್ಟ ಆ ರೀತಿ!
ನಮ್ಮ ಕಾಯಿಯ ಮೂಗು, ಮುಖ, ಕುಲ.

ಅಂಗಡಿಯಾಕೆಗೆ ಯಾವ ಭಾಷೆಯಲ್ಲಿ ಕೇಳಲಿ?
ಕೈಯನ್ನೇ ಮೀನು ಮಾಡಿ ಈಜಿಸಿದೆ,
ಪಾತ್ರೆಗೆ ಬೀಳಿಸಿದೆ, ಸೌಟು ಆಡಿಸಿದೆ.
ಅವಳು ನಾಲಿಗೆ ಚಾಚಿ
ತುದಿಯನ್ನು ಬೆರಳಿಂದ ತಟ್ಟಿ
ಇಡೀ ಅಂಗೈ ನಡುಗಿಸಿ ತೋರಿಸಿದಳು.
ಅದೇ. ಅದೇ.
ಆರುನೂರು ಫಿಲ್ಸ್. ಚಪ್ಪಲಿ ಮರೆತೆ.

ರಾತ್ರಿ ಬಂಗಡೆ ಕುದಿಬಂದ ಮೇಲೆ ಎಂಟು ಜಜ್ಜಿ ಹಾಕಿದೆ,
ಹೆದರಿ ಮೂರು ಹೊರಗೆ ತೆಗೆದೆ,
ಮತ್ತೆ ಒಂದು ಹಾಕಿದೆ.
ಮಾಬಲ ಮೊದಲ ತುತ್ತಿಗೇ ನಿಂತ.
‘ಊರಿಂದ ಯಾರು ಬಂದಿದ್ದರು?’
‘ಯಾರೂ ಇಲ್ಲ. ದಾಯಾದಿ ಸಿಕ್ಕಿದ.’
‘ಸ್ವಲ್ಪ ಬೇರೆ’ ಅಂದ.
ಬೇರೆಯೇ. ತುಟಿ ಬೇಗ ಮರಗಟ್ಟುತ್ತದೆ,
ಕಿತ್ತಳೆ ಸಿಪ್ಪೆಯ ವಾಸನೆ
ಬಾಗಿಲಲ್ಲೇ ನಿಂತು ಒಳಗೆ ಬರಲು ಯೋಚಿಸುತ್ತದೆ.
ತಟ್ಟೆ ಮುಂದೆ ಚಾಚಿದ. ಬಡಿಸಿದೆ.

ಉಮ್ಮ್ ಹಸನಳ ಬಾಟಲಿ ವಾಪಸು ಕೊಡಬೇಕು,
ಖಾಲಿ ಕೊಡಬಾರದು.
ಏನು ತುಂಬಿಸಲಿ ಎಂದು ಸಿಂಕಿನ ಪಕ್ಕ ಇಟ್ಟು ಹತ್ತು ದಿನ.
ಸೋಪು, ಉಪ್ಪು, ಲೂಮಿಯ ಸಿಪ್ಪೆ, ಎಲ್ಲದರಲ್ಲೂ ತೊಳೆದೆ.
ಮೀನು ಹೋಗಿಲ್ಲ,
ಮೀನಿನ ಅಡಿಯಲ್ಲಿ ಗುಲಾಬಿಯೂ.