ಯಾವ ಪಾದ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಎಲ್ಲರೂ ಹೊಗಳುತ್ತಿದ್ದರು ಅವನ ಮೀನಖಂಡ:
'ಪೈಲ್ವಾನ್ ಆಗ್ತಾನೆ ನಿನ್ನ ಮಗ, ಶಮೀಮಾ.'
ಆ ದಪ್ಪ ಬರೀ ಕೊಬ್ಬು ಎಂದು ತಿಳಿಯುವಷ್ಟರಲ್ಲಿ
ನೆಲದಿಂದೇಳಲು ಅವನು ತನ್ನ ತೊಡೆಯನ್ನೇ
ಏಣಿ ಮಾಡಿಕೊಂಡಿದ್ದ.

ನನ್ನದು ತಗೊಳ್ಳಿ ಅಂದೆ.
ಬೇಡಮ್ಮ, ಅಂದರು ಡಾಕ್ಟರು, ಮೆಲ್ಲಗೆ;
ಕಾಯಿಲೆ ನನ್ನ ಕಡೆಯಿಂದಲೇ ಇಳಿದದ್ದಂತೆ.
ಅವನ ಅಬ್ಬಾನ ತೊಡೆಯಿಂದ ಕಡಲೆಕಾಳಿನಷ್ಟು ಮಾಂಸ,
ಗಾಜಿನ ತಟ್ಟೆಯಲ್ಲಿ ಹುಳು ಸಾಕಿದ ಹಾಗೆ ಸಾಕಿ
ಲಕ್ಷ ಲಕ್ಷ ಮಾಡಿ, ಸೂಜಿಯಲ್ಲಿ ತುಂಬಿ ತಂದರು.

ಒಂದು ಪಾದಕ್ಕೆ ಅಬ್ಬಾ.
ಇನ್ನೊಂದಕ್ಕೆ ಬರೀ ಉಪ್ಪುನೀರು.
ಯಾವುದಕ್ಕೆ ಯಾವುದು, ಚುಚ್ಚಿದವರಿಗೂ ಗೊತ್ತಿಲ್ಲ;
ಲಕೋಟೆಯೊಳಗಿದೆ, ಒಂದು ವರ್ಷ ಒಡೆಯುವಂತಿಲ್ಲ.

ಮೊದಲ ಮೂರು ದಿನಕ್ಕೇ ಮುಕ್ಕಾಲು ಸಾಯುತ್ತವಂತೆ.
ಸಾಯಲಿ. ಕುದಿನೀರಲ್ಲಿ ಬೆರಳಿಟ್ಟು
ಎಳೆ ಹುಡುಕುವವಳು ನಾನು,
ಹತ್ತರಲ್ಲಿ ಎರಡು ತುದಿ ಸಿಕ್ಕರೂ ದಾರವೇ.
ಅಬ್ಬಾನನ್ನು ಹೊರಗಿನವನೆಂದು ಮೈ ತಳ್ಳದಿರಲಿ ಎಂದು
ದಿನಕ್ಕೆರಡು ಮಾತ್ರೆ.
ಮಾತ್ರೆಗೆ ಮೀಸೆ ಚಿಗುರುತ್ತಿದೆ, ಒಂಬತ್ತು ವರ್ಷಕ್ಕೇ.

ರಾತ್ರಿ ರಾಟೆ ನಿಂತ ಮೇಲೆ
ಎರಡೂ ಪಾದ ಮಡಿಲಲ್ಲಿಟ್ಟುಕೊಂಡು
ಅಂಗೈ ಅಡ್ಡ ಹಿಡಿದು, 'ಬೆರಳೆತ್ತು' ಅನ್ನುತ್ತೇನೆ.
ಬಲದ ಹೆಬ್ಬೆರಳು ಕೊಂಚ ಬೇಗ ಎದ್ದಿತೇ?
ನಿನ್ನೆ ಎಡದ್ದು ಎದ್ದಿತ್ತು.

ಇಮ್ದಾದನಿಗೆ ಇದು ಆಟ.
ಬೇಕರಿಯಿಂದ ದಿಲ್‌ಪಸಂದ್ ತಂದ ದಿನ
ಅಬ್ಬಾ ಎಡಗಾಲಲ್ಲಿ, ಗದರಿದ ದಿನ ಎಲ್ಲೂ ಇಲ್ಲ.
ನನ್ನ ಮೇಲೆ ಸಿಟ್ಟು ಬಂದರೆ
ಮಲಗಿದಲ್ಲಿಂದಲೇ ಹೊಟ್ಟೆಗೆ ಒದೆಯುತ್ತಾನೆ,
ಯಾವ ಕಾಲೋ.
ನೋಯುವುದಿಲ್ಲ.
ಇನ್ನೊಮ್ಮೆ, ಅನ್ನುತ್ತೇನೆ.