ನಲವತ್ತು ಎಡಗಾಲು

ಪಿಸೆ ಮಾಸ್ತರಿಗೆ ಮಾರ್ಕಿನ ಬಟ್ಟೆ ಹರಿದವಳು ನಾನೇ.
ಮೂರೂವರೆ ಗಜವೋ ನಾಲ್ಕೋ, ಯಾರೂ ಹೇಳಲಿಲ್ಲ.
ಟೇಪು ಕೊರಳಲ್ಲೇ ಇತ್ತು, ತೆಗೆಯಲಿಲ್ಲ.
ಅಂಚನ್ನು ಹಲ್ಲಲ್ಲಿ ಕಚ್ಚಿ ಎಳೆದೆ.
‘ಕಣ್ಣಳತೆ ಅಂದ್ರ ಕಳ್ಳನ ಅಳತಿ’ ಎನ್ನುತ್ತಿದ್ದವರಿಗೆ
ಕಣ್ಣಳತೆಯಲ್ಲೇ ಹರಿದದ್ದು,
ಅದೂ ಒದ್ದೆ ಕಣ್ಣಿನದು.

ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ.
ಕೌಲ್ ಬಜಾರಿನ ಆ ತಗಡಿನ ಶೆಡ್ಡಿನಲ್ಲಿ
ಮಟಮಟ ಮಧ್ಯಾಹ್ನ ಕತ್ತರಿಯ ಹಿಡಿಗೂ
ಒದ್ದೆ ಚಿಂದಿ ಸುತ್ತಬೇಕು.
ನಾನು ದಾರ ಕತ್ತರಿಸುವ ಹುಡುಗಿ,
ಉಗುರಿನ ಸಂದಿಯಲ್ಲಿ ಸದಾ ನೀಲಿ,
ಮುರಿದ ರೊಟ್ಟಿಗೂ ಅದೇ ನೀಲಿ.
ಒಂದು ದಿನ ಕರೆದು ಚಾಕ್ ಕೈಗಿಟ್ಟರು:
‘ಓಬಳಿ, ನಿನ್ನ ಕೈ ಸೀದಾ ಐತಿ, ತಲಿ ಸೊಟ್ಟ ಐತಿ.
ಕಟಿಂಗಿಗೆ ಎರಡೂ ಬೇಕು.’
ಹೆಣ್ಣು ಈ ಟೇಬಲ್ಲಿಗೆ ಬಂದದ್ದೇ ಇಲ್ಲ, ಎಂದರು ಯಾರೋ.
‘ಟೇಬಲ್ಲಿಗೆ ಅದು ಗೊತ್ತಿಲ್ಲ ಬಿಡ್ರಿ’ ಎಂದರು ಮಾಸ್ತರು,
ಎಲೆ ಅಡಿಕೆ ಜಗಿಯುತ್ತ.

ಈಗ ಹೇಳುತ್ತೇನೆ,
ಹದಿನೇಳು ವರ್ಷ ಹೇಳದೆ ಇದ್ದದ್ದು.
ಆ ಶ್ರಾವಣದ ಲೇ ಹಾಸಿದವಳು ನಾನು.
ನಲವತ್ತು ಪದರ. ಮೂವತ್ತೆರಡರ ಸೈಜು.
ಒಂದು ಕಾಲು ಗೀಚಿ
ಕಾಗದ ಮಗುಚಿಡಬೇಕಿತ್ತು ಇನ್ನೊಂದಕ್ಕೆ.
ಮಗುಚಲಿಲ್ಲ.
ಮಷಿನ್ ಓಡಿಸಿ, ಬಂಡಲ್ ಕಟ್ಟಿ, ಬೆವರು ಒರೆಸಿಕೊಂಡು
ನೋಡುತ್ತೇನೆ: ಎಲ್ಲವೂ ಎಡಗಾಲು.
ಡೆನಿಮ್ಮಿಗೆ ಒಳಮೈ ಬೇರೆ, ಹೊರಮೈ ಬೇರೆ,
ತಿರುಗಿಸಿ ಹೊಲಿಯುವ ಹಾಗಿಲ್ಲ.
ಬಲಗಾಲಿಲ್ಲದ ನಲವತ್ತು ಜನ
ಟೇಬಲ್ಲಿನ ಮೇಲೆ ಮಲಗಿದ್ದಾರೆ
ಅನ್ನಿಸಿತು ನನಗೆ.

ಸೇಟು ಬಂದ. ಬಂಡಲ್ ಒದ್ದ. ಯಾರು? ಎಂದ.
ಮಾಸ್ತರು ಕನ್ನಡಕ ತೆಗೆದು
ಧೋತರದ ಚುಂಗಿನಿಂದ ಒರೆಸಿ
(ಜೀನ್ಸ್ ಕತ್ತರಿಸಿದ್ದು ಲಕ್ಷ, ತೊಟ್ಟದ್ದು ಒಂದೂ ಇಲ್ಲ)
‘ವಯಸ್ಸಾತು ಸೇಟ್. ನಂದೇ ತಪ್ಪು’ ಎಂದರು.
ನಾಲ್ಕು ತಿಂಗಳು ಪಗಾರ ಮುರಿದರು ಅವರದು.
ನಾನು ಬಾಯಿ ತೆರೆಯಲಿಲ್ಲ.
ತೆರೆಯಬೇಕೆಂದು ಎರಡು ಸಲ ಎದ್ದೆ. ಕೂತೆ.

ಮಾಬುನ್ನಿಗೆ ಮಾತ್ರ ಗೊತ್ತಾಯಿತು.
ಕಾಜಾ ಮಷಿನ್ನಿನ ಹಿಂದೆ ಕೂತ ಆಕೆಗೆ
ತೂತು ಕಾಣುವುದೇ ಕಸುಬು.
ಬೈಯಲಿಲ್ಲ. ‘ಅಳೋದು ಸಂಡಾಸದಾಗ,
ಹೊಲೆಯೋದು ಇಲ್ಲಿ’ ಎಂದು
ಒಂದು ಎಡಗಾಲು ತೊಡೆಯ ಮೇಲೆಳೆದುಕೊಂಡಳು.
ಒಂದು ಕಾಲಿಗೆ ಎರಡು ಚೀಲ.
ಎರ್ರಿಸ್ವಾಮಿ ರಾತ್ರಿ ಪಾಳಿಯಲ್ಲಿ ಕದ್ದು
ವಾಷಿಂಗಿನ ಡ್ರಮ್ಮಿಗೆ ಹಾಕಿ ತಿರುಗಿಸಿಕೊಟ್ಟ,
ಒಂದು ಬೀಡಿ ಕಟ್ಟನ್ನೂ ಕೇಳಲಿಲ್ಲ.
ಹುಲಿಗೆಮ್ಮ ತಲೆಯ ಮೇಲೆ ಹೊತ್ತು
ಸಾಲೆಗಳ ಗೇಟಿನ ಮುಂದೆ ಕೂಗಿ ಮಾರಿದಳು:
‘ಹರಿಯಂಗಿಲ್ಲ, ಹರಿದ್ರ ನನ್ನ ಕೇಳ್ರಿ!’
ಎಂಬತ್ತು ಮಕ್ಕಳ ಪಾಟಿ ಪುಸ್ತಕ
ನನ್ನ ತಪ್ಪಿನೊಳಗೆ ಕೂತು ಸಾಲೆಗೆ ಹೋದವು.

ಹಣ ತಂದು ಮಾಸ್ತರರ ಮುಂದಿಟ್ಟೆವು.
ಎಣಿಸಲಿಲ್ಲ. ಚಹಾ ತರಿಸಿದರು, ಮಂಡಾಳ ತರಿಸಿದರು,
ಉಳಿದದ್ದನ್ನು ಎರ್ರಿಸ್ವಾಮಿಯ ಕೆಮ್ಮಿಗೆ ಅಂದರು.
ನಾನು ಸಿಗರೇಟು ಪ್ಯಾಕಿನ ಒಳಮೈಯಲ್ಲಿ
ಮುರಿದ ಪಗಾರದ ಲೆಕ್ಕ ಬರೆದಿಟ್ಟದ್ದು
ಹೇಗೋ ಕಂಡಿತ್ತು ಅವರಿಗೆ.
‘ಏನು, ಪೆನ್ನಿನಾಗ ಬರದೀಯಲ್ಲ!
ಚಾಕಿನಾಗ ಬರಿ.
ಮೊದಲ ನೀರಿಗೆ ಹೋಗಬೇಕು. ಹೋಗದಿದ್ರ
ಅದು ಚಾಕಲ್ಲ.’

ಎರ್ರಿಸ್ವಾಮಿ ಆ ಕೆಮ್ಮಿನಲ್ಲೇ ಹೋದ.
ಹುಲಿಗೆಮ್ಮ ಗಂಗಾವತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ,
ಫೋನಿನಲ್ಲೂ ಕೂಗಿಯೇ ಮಾತು.
ಮಾಬುನ್ನಿಗೆ ಸೂಜಿಯ ಕಣ್ಣು ಕಾಣದು,
ದಾರ ಪೋಣಿಸಲು ನನ್ನನ್ನೇ ಕರೆಯುತ್ತಾಳೆ, ಹೋಗುತ್ತೇನೆ,
ನೂರು ಕೆಲಸವಿದ್ದರೂ.

ಮೊನ್ನೆ ಮಾಸ್ತರರ ಮನೆಯವರು
ಗೋಡೆಯ ಮೊಳೆಯಿಂದ ಪ್ಯಾಟರ್ನುಗಳನ್ನು ಇಳಿಸಿ ಕೊಟ್ಟರು.
ಮೂವತ್ತೆರಡರ ಕಾಗದ ಎಣ್ಣೆ ಹಿಡಿದು ಕಪ್ಪಾಗಿದೆ.
ಒಂದು ಬದಿಗೆ ಅವರ ಸೊಟ್ಟ ಅಕ್ಷರ: ಎಡ.
ಮಗುಚಿದೆ: ಬಲ.
ಆ ಶ್ರಾವಣದ ಆಮೇಲೆ ಬರೆದದ್ದಿರಬೇಕು.
ನನಗೆ ತೋರಿಸಿರಲಿಲ್ಲ.

ಮಾಸ್ತರ್,
ಹದಿನೇಳು ವರ್ಷ ನೀರಿಗೆ ಹಾಕಿದೆ,
ಹಿಂಡಿದೆ, ಬಿಸಿಲಿಗೆ ಹರವಿದೆ.
ಹೋಗಿಲ್ಲ.

ಕರೆಂಟು ಬಂತು. ಹುಡುಗಿಯರು ಕಾಯುತ್ತಿದ್ದಾರೆ.