ಚಕ್ಕುಬಂದಿಯಲ್ಲಿ ಒಂದು ಕಲ್ಲು

ಮಡಕಶಿರಾದ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಮೂವತ್ತೊಂದು ವರ್ಷ ಪತ್ರ ಬರೆದಿದ್ದೇನೆ.
ಕನ್ನಡದಲ್ಲಿ ಕೇಳಿಸಿಕೊಂಡು ತೆಲುಗಿನಲ್ಲಿ ಬರೆಯುವ ಕೈ ಇದು;
ನಡುವೆ ಎಲ್ಲೋ, ಮೊಣಕೈಯ ಹತ್ತಿರ,
ಮಾತು ಗಡಿ ದಾಟುತ್ತದೆ. ನನಗೇ ಗೊತ್ತಾಗುವುದಿಲ್ಲ.

ರೊಳ್ಳದ ಕಡೆಯ ಕದಿರಕ್ಕ ಮಾತ್ರ
ಆ ದಿನ ಅದನ್ನು ಮೊಣಕೈಯಲ್ಲೇ ಹಿಡಿದಳು.

ಮಾರುವ ಸ್ವತ್ತು: ಎರಡು ಎಕರೆ ಹದಿನಾಲ್ಕು ಸೆಂಟು.
ಮೂಡಲಿಗೆ ಬಂಡಿದಾರಿ. ಪಡುವಲಿಗೆ ಹಳ್ಳ.
ತೆಂಕಲಿಗೆ ಮೈದುನನ ಕತ್ತಾಳೆ ಬೇಲಿ.
ಬಡಗಲಿಗೆ ಬರುವಾಗ ತಡೆದಳು:
"ಹೊಲಕ್ಕೊಂದು ಹೆಸರೈತಲ್ಲ, ಅದನ್ನ ಬರಿ.
ಕುರಂದದ ದಿಣ್ಣೆ."

ಕೊಳ್ಳುವವರು, ಹಿಂದೂಪುರದ ಪಾಂಡುರಂಗ ಶೆಟ್ಟರು,
ಕುರ್ಚಿಯ ತುದಿಗೆ ಬಂದರು.
"ಕಲ್ಲಿನ ಹೆಸರು ಪತ್ರದಲ್ಲಿ ಬೇಡ ಸ್ವಾಮಿ.
ಗಣಿಯವರು ಓದಿದರೆ ನಾಳೆಯೇ ಗೂಟ ಹೊಡೀತಾರೆ.
ಸರ್ವೆ ನಂಬರು ಇದೆಯಲ್ಲ, ಸಾಕು."

ನಾನು ಪಂಡಿತನ ಮಗ. ಪದ ಸಿಕ್ಕರೆ ಕೈ ಕಪಾಟಿಗೆ ಹೋಗುತ್ತದೆ.
ಅಪ್ಪನ ನಿಘಂಟು, ಗೆದ್ದಲು ಉಳಿಸಿದಷ್ಟು:
ಕುರುವಿಂದ. ಒಂದು ಬಗೆಯ ಮಾಣಿಕ್ಯ.
ಕೆಳಗಿನ ಸಾಲಿನಲ್ಲಿ: ತುಂಗೆಗಡ್ಡೆ.
ಕಿತ್ತಷ್ಟೂ ಚಿಗುರುವ ಕಳೆಗೂ ಕಿರೀಟದ ಕೆಂಪಿಗೂ
ಒಂದೇ ಹೆಸರಿಟ್ಟವನು ಯಾವ ಬದುವಿನ ಮೇಲೆ ಕೂತಿದ್ದನೋ.
ಇಂಗ್ಲಿಷಿನವರು ನಮ್ಮ ಕಡೆಯಿಂದಲೇ ಪದ ಒಯ್ದು
ಬಾಲಕ್ಕೊಂದು ಮಕಾರ ಕಟ್ಟಿ
ಶಾಲೆಯ ಪುಸ್ತಕದಲ್ಲಿ ವಾಪಸು ಕಳಿಸಿದರು: ಕೊರಂಡಮ್.
ಗಡಸುತನ ಒಂಬತ್ತು. ಮಕ್ಕಳು ಬಾಯಿಪಾಠ ಮಾಡುತ್ತವೆ,
ಅದನ್ನೇ ಎಡವಿಕೊಂಡು ಶಾಲೆಗೆ ಬರುವ ಮಕ್ಕಳು.

"ಯಾವ ಅರ್ಥಕ್ಕೆ ಬರೀಲಮ್ಮ? ಕೆಂಪೋ, ಕಳೆಯೋ?"

"ಕೆಂಪು ಯಾವೋನು ಕಂಡವ್ನೆ ಅಲ್ಲಿ!" ನಕ್ಕಳು ಕದಿರಕ್ಕ.
ಉತ್ತ ಹೊಲದಲ್ಲಿ ಲಂಗ ಎತ್ತಿಕಟ್ಟಿ ಆಯುತ್ತಿದ್ದಳಂತೆ;
ಸೇರಿಗೆ ನಾಲ್ಕಾಣೆ.
ಬೆಣಚುಕಲ್ಲಿಗೆ ಉಜ್ಜಬೇಕು. ಬೆಣಚಿಗೆ ಗೀರು ಬಿದ್ದರೆ ಮಡಿಲಿಗೆ,
ತನಗೇ ಬಿದ್ದರೆ ಹಳ್ಳಕ್ಕೆ.
ಸಾಣೆಯ ಬುಡನ್ ಸಾಬ್ ಅದನ್ನು ಕುಟ್ಟಿ, ಜರಡಿ ಹಿಡಿದು,
ಕರಗಿದ ಅರಗಿನಲ್ಲಿ ಕಲಸಿ ಗಾಲಿ ಎರೆಯುತ್ತಿದ್ದ.
ಕುಡುಗೋಲು, ಕ್ಷೌರದ ಕತ್ತಿ, ಹೊಕ್ಕುಳು ಕೊಯ್ಯುವ ಸೂಲಗಿತ್ತಿಯ ಅಲಗು,
ಎಲ್ಲವೂ ಆ ಗಾಲಿಗೆ ತಲೆಬಾಗಿ ಹೋದವೇ.

"ನಮ್ಮತ್ತೆ ನನ್ನ ಹಂಗೇ ಕರೀತಿದ್ಲು, ಕುರಂದ ಅಂತ.
ತಾನು ಸವೆಯಾಕಿಲ್ಲ, ಮುಟ್ಟಿದ್ದನ್ನ ಸವೆಸ್ತಾಳೆ ಅಂತ.
ಬೈದಳೋ ಹೊಗಳಿದಳೋ,
ಅವಳನ್ನ ಮಣ್ಣು ಮಾಡಿ ಬಂದ ಮೇಲೂ ತಿಳೀಲಿಲ್ಲ."

ಆಮೇಲೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದಳು.
ಸುಣ್ಣದ ಡಬ್ಬಿಯ ಅಡಿಯಿಂದ ಬಂತು:
ಆರು ಮೂಲೆ, ಮದ್ದಳೆಯಂತೆ ನಡುವೆ ಉಬ್ಬು,
ಒಣಗಿದ ನೇರಳೆಯ ಮಂಕು ಬಣ್ಣ.
ನನ್ನ ಮೇಜಿನ ಗಾಜಿನ ಮೇಲಿಟ್ಟು
ಒಂದು ಗೇಣು ಎಳೆದಳು.
ಹಲ್ಲು ಜುಮ್ಮೆಂದಿತು. ಶೆಟ್ಟರು ಕಿವಿ ಮುಚ್ಚಿಕೊಂಡರು.

"ಈಗ ಬರಿ."

ಬರೆದೆ: ರೂಢಿಯಲ್ಲಿ ಕುರಂದದ ದಿಣ್ಣೆ ಎಂದು ಕರೆಯುವ.
ಶೆಟ್ಟರು ಆ ಒಂದು ಪದಕ್ಕೆ ಐದು ಸಾವಿರ ಮುರಿದರು.
ಹೂಂ ಅಂದಳು.

ಟೈಪಿನ ಹುಡುಗ ನಾಗಭೂಷಣ
ಕಂಪ್ಯೂಟರು ಸೂಚಿಸಿದ್ದನ್ನು ಒತ್ತಿ 'ಗರುಡದ ದಿಣ್ಣೆ' ಮಾಡಿದ.
ವಾರ ಬಿಟ್ಟು ತಿದ್ದುಪಡಿ ಪತ್ರ.
ಛಾಪಾ ಕಾಗದದ ದುಡ್ಡು ಅವಳದೇ,
ಬಸ್ ಚಾರ್ಜೂ, ಎರಡನೇ ಸಲದ ಹೆಬ್ಬೆಟ್ಟೂ.

ಹೊಲ ಈಗ ಶೆಟ್ಟರದು.
ಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಹೋದಳು,
"ಇದನ್ನ ಮಾರಿಲ್ಲ" ಎಂದು ನನಗಲ್ಲ, ಮೇಜಿಗೆ ಹೇಳಿ.

ಗಾಜು ಬದಲಿಸಬೇಕು ಎನ್ನುತ್ತಲೇ ಇದ್ದೇನೆ.
ಆ ಗೀರಿನ ಮೇಲೆ ಕಾಗದ ಬಂದಾಗ
ಪೆನ್ನು ಒಂದು ಕಡೆ ಸಣ್ಣಗೆ ತಡವರಿಸುತ್ತದೆ,
ಯಾರ ಹೊಲವಾದರೂ.